ಕುರ್ರಮ್ ಕಣಿವೆಯ ಸುದ್ದಿಯನ್ನು ಕನ್ನಡಕ್ಕೆ ತರುವ ಬಗೆ

ರಾತ್ರಿ ಪಾಳಿಯಲ್ಲಿ, ನಗರ ಆವೃತ್ತಿಯ ಪುಟಗಳನ್ನು ಬಿಡುವ ಧಾವಂತದ ನಡುವೆ, ವಿದೇಶ ಪುಟದ ಕೆಳಮೂಲೆಯಲ್ಲಿ ಉಳಿದ ಆರು ಸಾಲಿನ ಜಾಗಕ್ಕೆ ಪಾಕಿಸ್ತಾನದ ವಾಯವ್ಯ ಗಡಿಯ ಕುರ್ರಮ್ ಜಿಲ್ಲೆಯ ಪಾರಾಚಿನಾರ್‌ನ ಸುದ್ದಿ ಬಂದು ಕೂರುತ್ತದೆ. ‘ಪಾಕ್: ಶಿಯಾ–ಸುನ್ನಿ ಘರ್ಷಣೆ, ಇಷ್ಟು ಬಲಿ’ ಎಂಬ ತಲೆಬರಹ ಬೆರಳ ತುದಿಯಲ್ಲೇ ಸಿದ್ಧವಾಗಿರುವುದರಿಂದ ಯಾರೂ ಅದರ ಬಗ್ಗೆ ಎರಡನೆಯ ಸಲ ಯೋಚಿಸುವುದಿಲ್ಲ. ಬೆಂಗಳೂರಿನ ಡೆಸ್ಕ್‌ಗಳಲ್ಲಿ ಹಲವು ವರ್ಷ ಇಂತಹ ತಲೆಬರಹಗಳನ್ನು ಕೊಟ್ಟವನಾಗಿ, ಅವು ಸುಳ್ಳಲ್ಲದಿದ್ದರೂ ಓದುಗನಿಗೆ ಏನನ್ನೂ ತಿಳಿಸುವುದಿಲ್ಲ ಎಂಬುದನ್ನು ತಡವಾಗಿಯಾದರೂ ಒಪ್ಪಿಕೊಂಡಿದ್ದೇನೆ. ಸುದ್ದಿ ಏಜೆನ್ಸಿ ಕಳಿಸುವ ವರದಿಯನ್ನು, ಅಂದರೆ ‘ಕಾಪಿ’ಯನ್ನು, ಕನ್ನಡಕ್ಕೆ ತರುವ ಕಿರಿಯ ಸಹೋದ್ಯೋಗಿಗಳಿಗೂ, ಇಂತಹ ಸುದ್ದಿಯನ್ನು ಗಮನವಿಟ್ಟು ಓದಬಯಸುವವರಿಗೂ ನೆರವಾಗಲೆಂದು, ಈ ಕಣಿವೆಯ ಸುದ್ದಿ ಬಂದಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಬರೆಯಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಮೊದಲು ರಸ್ತೆ, ಆಮೇಲೆ ಜಮೀನು, ಪಂಥದ ಹೆಸರು ಅವೆರಡರ ನಂತರ: ನಾನು ಪಾಲಿಸುವ ಕ್ರಮ ಇದು.

ಮೊದಲು ನಕ್ಷೆ ಬರೆಯಿರಿ

ಪ್ರೂಫ್ ಹಾಳೆಯ ಹಿಂಬದಿಯೇ ಸಾಕು. ಹಾಳೆಯ ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಓರೆಯಾಗಿ ಒಂದು ಗೆರೆ ಎಳೆಯಿರಿ. ಅದು ಕುರ್ರಮ್ ನದಿ. ಋಗ್ವೇದದ ನದೀಸೂಕ್ತದಲ್ಲಿ ‘ಕ್ರುಮು’ ಎಂದು ಬರುವ ಹೊಳೆ ಇದೇ ಎಂದರೆ ನಮ್ಮ ಓದುಗರಲ್ಲಿ ಕೆಲವರಾದರೂ ಕಿವಿ ನಿಮಿರಿಸುತ್ತಾರೆ. ಎಡ ಮೇಲ್ತುದಿಯಲ್ಲಿ ಪೈವಾರ್ ಕಣಿವೆದಾರಿ, ಅದಕ್ಕೆ ತುಸು ಕೆಳಗೆ ಜಿಲ್ಲಾ ಕೇಂದ್ರವಾದ ಪಾರಾಚಿನಾರ್ ಪಟ್ಟಣವನ್ನು ಗುರುತಿಸಿ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿರುವ, ಅಂದರೆ ಬೆಂಗಳೂರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಎತ್ತರದ ಈ ಊರಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ. ಗೆರೆಯ ಉದ್ದಕ್ಕೂ ಇಳಿಯುತ್ತ ಸದ್ದಾ, ಅಲಿಜೈ, ಬಗನ್, ಮಂದೋರಿ ಎಂದು ಬರೆದು, ಬಲ ಕೆಳತುದಿಯಲ್ಲಿ ಥಲ್ ಎಂದು ಬರೆಯಿರಿ. ಥಲ್ ಇರುವುದು ಪಕ್ಕದ ಹಂಗು ಜಿಲ್ಲೆಯಲ್ಲಿ. ಪೆಶಾವರಕ್ಕೆ ಹೋಗುವ ದಾರಿ ಅಲ್ಲಿಂದ ಮುಂದುವರಿಯುತ್ತದೆ. ಮೇಲೆ ಉತ್ತರಕ್ಕೆ ಸ್ಪಿನ್ ಘರ್, ಅಂದರೆ ಪಶ್ತೋ ಭಾಷೆಯಲ್ಲಿ ಬಿಳಿಬೆಟ್ಟ. ಉತ್ತರ, ಪಶ್ಚಿಮ, ದಕ್ಷಿಣ ಈ ಮೂರೂ ಕಡೆ ಅಫ್ಗಾನಿಸ್ತಾನವಿದೆ. ಗಿಣಿಯ ಕೊಕ್ಕಿನಂತೆ ಅಫ್ಗಾನ್ ನೆಲದೊಳಗೆ ಚಾಚಿಕೊಂಡ ಈ ತುಂಡಿನಿಂದ ಕಾಬೂಲಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು. ಪೆಶಾವರಕ್ಕೆ ರಸ್ತೆಯಲ್ಲಿ ಹೋದರೆ ಸುಮಾರು 250 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಇರುವಷ್ಟು ದೂರ.

ಈಗ ಹಸಿರು ಪೆನ್ನಿನಲ್ಲಿ ಜನವಸತಿಯನ್ನು ತುಂಬಿರಿ. ಪಾರಾಚಿನಾರ್ ಇರುವ ಮೇಲಿನ ಕುರ್ರಮ್‌ನಲ್ಲಿ ಬಹುಪಾಲು ಶಿಯಾಗಳು, ಕೆಳಗಿನ ಮತ್ತು ಮಧ್ಯ ಕುರ್ರಮ್‌ನಲ್ಲಿ ಬಹುಪಾಲು ಸುನ್ನಿಗಳು. ಇಷ್ಟಾದ ಮೇಲೆ ಹಾಳೆಯನ್ನು ಒಂದು ನಿಮಿಷ ಸುಮ್ಮನೆ ನೋಡಿ. ಪಾರಾಚಿನಾರ್‌ನ ಶಿಯಾ ಕುಟುಂಬವೊಂದು ಆಸ್ಪತ್ರೆಗೋ ಕಾಲೇಜಿಗೋ ವಿಮಾನ ನಿಲ್ದಾಣಕ್ಕೋ ಹೊರಟರೆ ಅದು ಸುನ್ನಿ ಊರುಗಳ ನಡುವೆಯೇ ಹಾದುಹೋಗಬೇಕು. ಅದೇ ರೀತಿ ಮೇಲಿನ ಕುರ್ರಮ್‌ನ ಬೋಶೆರಾ, ತೇರಿ ಮಂಗಲ್ ಮುಂತಾದ ಸುನ್ನಿ ಊರುಗಳವರು ಶಿಯಾ ಊರುಗಳ ನಡುವೆಯೇ ಓಡಾಡಬೇಕು. ಒಬ್ಬರ ಬಾಗಿಲಿನ ಚಿಲಕ ಇನ್ನೊಬ್ಬರ ಕೈಯಲ್ಲಿದೆ. ಎಲ್ಲಿಯೋ ಒಂದು ಗುಂಡು ಹಾರಿದ ಕೂಡಲೇ ಇಡೀ ಜಿಲ್ಲೆ ಸ್ತಬ್ಧವಾಗುವುದೇಕೆ ಎಂಬುದು ಈ ಹಾಳೆಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಯಾವ ಏಜೆನ್ಸಿ ಕಾಪಿಯಲ್ಲೂ ಕಾಣುವುದಿಲ್ಲ.

ನಮ್ಮ ಓದುಗರಿಗೆ ಇದನ್ನು ಮುಟ್ಟಿಸಲು ಶಿರಾಡಿ ಘಾಟಿಯ ಹೋಲಿಕೆ ಸಹಾಯಕ್ಕೆ ಬರುತ್ತದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಮಂಗಳೂರಿಗೆ ಹೊರಟ ಬಸ್ಸು ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಹಿಡಿಯುತ್ತದೆ. ತಡವಾಗುತ್ತದೆ, ಬೈಗುಳ ಕೇಳುತ್ತದೆ, ಊರು ಸೇರುತ್ತದೆ. ಥಲ್–ಪಾರಾಚಿನಾರ್ ರಸ್ತೆಗೆ ಅಂತಹ ಚಾರ್ಮಾಡಿ ಇಲ್ಲ. 2007ರ ಏಪ್ರಿಲ್‌ನಲ್ಲಿ ಆರಂಭವಾದ ಘರ್ಷಣೆಯ ಬಳಿಕ ವರ್ಷಗಟ್ಟಲೆ ಈ ರಸ್ತೆ ಬಂದ್ ಆದಾಗ ಪಾರಾಚಿನಾರ್‌ನ ಜನ ತಮ್ಮದೇ ದೇಶದ ಪೆಶಾವರವನ್ನು ಮುಟ್ಟಲು ಗಡಿ ದಾಟಿ ಅಫ್ಗಾನಿಸ್ತಾನಕ್ಕೆ ಹೋಗಿ, ಕಾಬೂಲಿನ ಮೂಲಕ ಸುತ್ತಿ, ತೋರ್ಖಮ್ ಗಡಿಯಲ್ಲಿ ಮರಳಿ ಪಾಕಿಸ್ತಾನದೊಳಗೆ ಬರುತ್ತಿದ್ದರು. ಜಿಲ್ಲೆಯ ಖರ್ಲಾಚಿ ಗಡಿ ಠಾಣೆಯೂ ನೆಚ್ಚಿಕೊಳ್ಳುವಂತಹದ್ದಲ್ಲ; 2025ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಮತ್ತು ಅಫ್ಗಾನಿಸ್ತಾನದ ಪಡೆಗಳ ನಡುವೆ ಕಾಳಗ ನಡೆದಾಗ ಉಳಿದ ಗಡಿ ದಾರಿಗಳ ಜೊತೆ ಅದೂ ಮುಚ್ಚಿತು. ಆದ್ದರಿಂದ ಕುರ್ರಮ್‌ನ ಯಾವುದೇ ಸುದ್ದಿ ಬಂದರೂ ನೀವು ಹುಡುಕಬೇಕಾದ ಮೊದಲ ವಿವರ, ಈ ದಿನ ರಸ್ತೆ ತೆರೆದಿದೆಯೇ ಇಲ್ಲವೇ ಎಂಬುದು. ಅದು ಕಾಪಿಯ ಕೊನೆಯ ಪ್ಯಾರಾದಲ್ಲಿ ಅಡಗಿದ್ದರೂ ಎತ್ತಿ ಮೇಲಕ್ಕೆ ತನ್ನಿ.

ಜಗಳ ಯಾವ ಸರ್ವೆ ನಂಬರಿನದು?

ಈ ಶೀರ್ಷಿಕೆ ಸ್ವಲ್ಪ ಕುಚೋದ್ಯವಾಗಿ ಕಂಡರೂ ಪ್ರಶ್ನೆ ಗಂಭೀರವಾದದ್ದು. 2024ರ ಜುಲೈ ಕೊನೆಯ ವಾರದ ಕಾಳಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅದು ಶುರುವಾದದ್ದು ಬೋಶೆರಾ ಮತ್ತು ಮಾಲಿಖೇಲ್ ಊರಿನವರ ನಡುವಿನ ಒಂದು ತುಂಡು ಜಮೀನಿನ ತಕರಾರಿನಿಂದ. ಬಾಲಿಶ್‌ಖೇಲ್ ಊರಿನವರಿಗೂ ಪಾರಾ ಚಮಕನಿ ಕುಲದವರಿಗೂ ಇರುವ ವ್ಯಾಜ್ಯವೂ ಜಮೀನಿನದೇ. ಪೈವಾರ್ ಭಾಗದ ತಂಟೆಗಳಲ್ಲಿ ಬೆಟ್ಟ, ಕಾಡು, ನೀರು ಬೆರೆತಿವೆ. ಅಲ್ಲಿ ‘ಶಾಮಿಲಾತ್’ ಎನ್ನುವ ಊರೊಟ್ಟಿನ ಭೂಮಿಗೆ ನಮ್ಮ ‘ಗೋಮಾಳ’ ಸಮೀಪದ ಪದ. ಗೋಮಾಳದ ಒತ್ತುವರಿ, ಪಹಣಿಯಲ್ಲಿ ಇರುವ ಹೆಸರು ಬೇರೆ ಉಳುವವನು ಬೇರೆ ಎಂಬ ಪರಿಸ್ಥಿತಿ, ತಹಶೀಲ್ದಾರ್ ಕಚೇರಿಯಲ್ಲಿ ತಲೆಮಾರುಗಟ್ಟಲೆ ಮಲಗಿರುವ ಕಡತ, ಇವೆಲ್ಲ ದೇವನಹಳ್ಳಿ ಅಥವಾ ಆನೇಕಲ್ ಕಡೆಯ ಯಾವ ರೈತನಿಗೂ ವಿವರಿಸಿ ಹೇಳಬೇಕಾದ ಸಂಗತಿಗಳಲ್ಲ. ವ್ಯತ್ಯಾಸವಿರುವುದು ಜಗಳದ ಮೂಲದಲ್ಲಲ್ಲ, ಜಗಳ ಹತ್ತುವ ಮೆಟ್ಟಿಲುಗಳಲ್ಲಿ. ಕುರ್ರಮ್‌ನಲ್ಲಿ ಎರಡೂ ಕಡೆಯವರ ಬಳಿ ಭಾರೀ ಶಸ್ತ್ರಾಸ್ತ್ರಗಳಿವೆ, ಹೊಲದಂಚಿನ ಗುಡ್ಡಗಳಲ್ಲಿ ‘ಮೋರ್ಚಾ’ ಎಂದು ಕರೆಯುವ ಬಂಕರುಗಳಿವೆ. ಎರಡು ಊರುಗಳ ನಡುವಿನ ಗಡಿಕಲ್ಲಿನ ತಕರಾರು, ಆ ಊರುಗಳ ಪಂಥಗಳು ಬೇರೆಯಾಗಿರುವ ಒಂದೇ ಕಾರಣಕ್ಕೆ, ಎರಡು ಮೂರು ದಿನಗಳಲ್ಲಿ ಇಡೀ ಕಣಿವೆಯ ಶಿಯಾ–ಸುನ್ನಿ ಕಾಳಗವಾಗಿ ಹಬ್ಬುತ್ತದೆ.

ಹಾಗೆಂದು ಪಂಥದ ಪ್ರಶ್ನೆಯನ್ನು ಬರೀ ಮುಖವಾಡವೆಂದು ತಳ್ಳಿಹಾಕುವುದೂ ತಪ್ಪು. ನಮ್ಮಲ್ಲಿ ಕೆಲವರಿಗೆ ಆ ಚಟವಿದೆ, ಎಲ್ಲವನ್ನೂ ಆಸ್ತಿಯ ಜಗಳವೆಂದು ವಿವರಿಸಿದರೆ ತಾವು ಆಳವಾಗಿ ಯೋಚಿಸಿದಂತೆ ಅವರಿಗೆ ತೋರುತ್ತದೆ. 2017ರ ಜೂನ್ 23ರಂದು, ರಂಜಾನ್ ಹಬ್ಬದ ಮುನ್ನ, ಪಾರಾಚಿನಾರ್‌ನ ತೂರಿ ಮಾರುಕಟ್ಟೆಯಲ್ಲಿ ಅವಳಿ ಸ್ಫೋಟಗಳು ನಡೆದು 70ಕ್ಕೂ ಹೆಚ್ಚು ಜನ ಸತ್ತಾಗ ಅಲ್ಲಿ ಯಾವ ಗಡಿಕಲ್ಲೂ ಇರಲಿಲ್ಲ. ಹಬ್ಬದ ಸಾಮಾನು ಕೊಳ್ಳಲು ಬಂದವರು ಯಾವ ಪಂಥದವರೆಂಬುದೇ ಅವರ ಸಾವಿಗೆ ಕಾರಣವಾಯಿತು. ಆದ್ದರಿಂದ ಪ್ರತಿ ಘಟನೆಗೂ ಪ್ರತ್ಯೇಕವಾಗಿ ಕೇಳಿ: ಇದು ಊರೂರಿನ ಕಾಳಗವೋ, ರಸ್ತೆಯ ಮೇಲಿನ ಹೊಂಚುದಾಳಿಯೋ, ಹೊರಗಿನ ಉಗ್ರ ಸಂಘಟನೆಯ ಬಾಂಬೋ? ಮೂರಕ್ಕೂ ‘ಘರ್ಷಣೆ’ ಎಂಬ ಒಂದೇ ಪದವನ್ನು ಹಚ್ಚಬೇಡಿ. ಹೊಂಚುದಾಳಿಗೆ ಸಿಕ್ಕ ಬಸ್ಸಿನಲ್ಲಿ ಕುಳಿತಿದ್ದ ಹೆಂಗಸರು, ಮಕ್ಕಳು ಯಾರ ಜೊತೆಗೂ ಘರ್ಷಣೆ ಮಾಡಿದವರಲ್ಲ.

ಪದಗಳ ವಿಚಾರ

‘ಕೋಮು ಗಲಭೆ’ ಎಂದು ಬರೆದರೆ ಕನ್ನಡ ಓದುಗನ ಮನಸ್ಸಿನಲ್ಲಿ ಹಿಂದೂ–ಮುಸ್ಲಿಂ ಚಿತ್ರ ಮೂಡುತ್ತದೆ. ಇಲ್ಲಿ ‘ಪಂಥ ಕಲಹ’ ಅಥವಾ ‘ಪಂಥೀಯ ಹಿಂಸೆ’ ಸರಿಯಾದ ಪದ. ‘ಬುಡಕಟ್ಟು’ ಎಂಬುದೂ ನನಗೆ ಒಗ್ಗುವುದಿಲ್ಲ. ಆ ಪದ ಕೇಳಿದೊಡನೆ ನಮ್ಮವರಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅಥವಾ ನಾಗರಹೊಳೆಯ ಜೇನುಕುರುಬರು ನೆನಪಾಗುತ್ತಾರೆ, ಆದರೆ ಪಶ್ತೂನರ ಸಂದರ್ಭದಲ್ಲಿ ಅದು ಲಕ್ಷಾಂತರ ಜನರ, ವ್ಯಾಪಾರಿಗಳೂ ಜಮೀನ್ದಾರರೂ ಅಧಿಕಾರಿಗಳೂ ಇರುವ ವಂಶಾವಳಿಯ ಗುಂಪು. ‘ಕುಲ’ ಎಂದರೆ ಹೆಚ್ಚು ಹತ್ತಿರ. ಇನ್ನೊಂದು ಮಾತನ್ನು ಇಲ್ಲೇ ಸೇರಿಸಬೇಕು: ಎರಡೂ ಕಡೆಯವರು ಪಶ್ತೂನರೇ, ಇಬ್ಬರ ಮನೆಮಾತೂ ಪಶ್ತೋವೇ, ಬಂಗಶ್ ಕುಲದಲ್ಲಂತೂ ಶಿಯಾಗಳೂ ಇದ್ದಾರೆ, ಸುನ್ನಿಗಳೂ ಇದ್ದಾರೆ. ‘ಎರಡು ಜನಾಂಗಗಳ ನಡುವೆ’ ಎಂದು ಬರೆದು ಕಳಿಸಿದ ಕಾಪಿಯನ್ನು ನಾನು ಹಲವು ಸಲ ತಿದ್ದಿದ್ದೇನೆ.

ಮೇಲಿನ ಕುರ್ರಮ್‌ನ ಮುಖ್ಯ ಶಿಯಾ ಕುಲದ ಹೆಸರನ್ನು ದಯವಿಟ್ಟು ದೀರ್ಘಾಕ್ಷರದಲ್ಲಿ ‘ತೂರಿ’ ಎಂದು ಬರೆಯಿರಿ. ಹ್ರಸ್ವವಾದರೆ ತೆಂಗಿನಕಾಯಿ ತುರಿಯೋ ಮೈಯ ತುರಿಯೋ ಆಗಿ, ಎಂತಹ ದುರಂತದ ಸುದ್ದಿಯೂ ನಗೆಪಾಟಲಾಗುತ್ತದೆ. ದೀರ್ಘ ಮಾಡಿದರೂ ಕಣದಲ್ಲಿ ರಾಗಿ ತೂರಿದ ನೆನಪು ಬರಬಹುದು, ಅದಕ್ಕೆ ನಾನು ಜವಾಬ್ದಾರನಲ್ಲ.

‘ಜಿರ್ಗಾ’ವನ್ನು ‘ಪಂಚಾಯಿತಿ’ ಎಂದು ಅನುವಾದಿಸುವ ಬದಲು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಾಗ ‘ಕುಲದ ಹಿರಿಯರ ಸಭೆ’ ಎಂದು ಒಂದು ವಿವರಣೆ ಕೊಡಿ. ಹಿರಿಯರು ಸಾರುವ ಕದನ ವಿರಾಮಕ್ಕೆ ಅಲ್ಲಿ ‘ತೀಗಾ’ ಎಂಬ ಹೆಸರಿದೆ; ಪಶ್ತೋದಲ್ಲಿ ಅದರ ಅರ್ಥ ಕಲ್ಲು, ಮುರಿದವರಿಗೆ ದಂಡವಿದೆ. ‘ಇಮಾಮ್‌ಬಾರ್ಗಾ’ ಬಂದರೆ ನಮ್ಮ ಕಡೆಯ ‘ಆಶೂರ್‌ಖಾನಾ’ ಎಂದು ಬರೆಯಬಹುದು. ಮೊಹರಂ ಬಂದಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಮುದಗಲ್ಲಿನ ಮೊಹರಂ, ಅಲಾಯಿ ಕುಣಿ, ಹುಲಿವೇಷ, ರಿವಾಯತ್ ಪದಗಳು, ಬಾಬಯ್ಯನಿಗೆ ಹರಕೆ ಹೊತ್ತ ಹಿಂದೂ ಮನೆಗಳು, ಹೀಗೆ ನಮ್ಮ ಓದುಗನಿಗೆ ಅದು ಊರೆಲ್ಲ ಸೇರುವ ಹಬ್ಬ. ಕುರ್ರಮ್‌ನಲ್ಲಿ ಅದು ಶೋಕಾಚರಣೆ. ಮೆರವಣಿಗೆ ಯಾವ ಬೀದಿಯಲ್ಲಿ ಹಾದುಹೋಗುತ್ತದೆ ಎಂಬುದನ್ನು ಆಡಳಿತ ಉಸಿರು ಬಿಗಿಹಿಡಿದು ಕಾಯುವ ಹತ್ತು ದಿನ. ಒಂದೇ ಪದ ಎರಡು ಕಡೆ ಎರಡು ಅರ್ಥ ಕೊಡುವಾಗ ಅರ್ಧ ಸಾಲಿನ ವಿವರಣೆಗೆ ಜಾಗ ಮಾಡಿಕೊಳ್ಳಲೇಬೇಕು.

ಸತ್ತವರ ಸಂಖ್ಯೆ

ಇಲ್ಲಿ ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. 2024ರ ನವೆಂಬರ್ 21ರಂದು ಪೊಲೀಸ್ ಬೆಂಗಾವಲಿನಲ್ಲಿ ಸಾಗುತ್ತಿದ್ದ ಪ್ರಯಾಣಿಕರ ವಾಹನಗಳ ಸಾಲಿನ ಮೇಲೆ ಕೆಳಗಿನ ಕುರ್ರಮ್‌ನಲ್ಲಿ ಗುಂಡಿನ ದಾಳಿ ನಡೆಯಿತು. ಮೊದಲ ದಿನದ ಕಾಪಿಯಲ್ಲಿ 38 ಎಂದಿದ್ದ ಸಾವಿನ ಸಂಖ್ಯೆ ಮರುದಿನಕ್ಕೆ 40 ದಾಟಿತು. ಮರುದಿನ ರಾತ್ರಿ ಪ್ರತೀಕಾರವಾಗಿ ಬಗನ್ ಪೇಟೆಗೆ ನುಗ್ಗಿದ ಗುಂಪು ಅಂಗಡಿ, ಮನೆಗಳಿಗೆ ಬೆಂಕಿ ಹಚ್ಚಿತು, ಮತ್ತೆ ಜನ ಸತ್ತರು. ಆ ಎರಡನೆಯ ಸುದ್ದಿಯ ಕಾಪಿಯಲ್ಲಿ ಬಂದ ಒಟ್ಟು ಸಂಖ್ಯೆಯಲ್ಲಿ ವಾಹನದಲ್ಲಿ ಸತ್ತವರೂ ಸೇರಿದ್ದರು. ನಾನು ಅದನ್ನು ಹೊಸ ಸಾವುಗಳೆಂದು ತಿಳಿದು ಹಿಂದಿನ ದಿನದ ಲೆಕ್ಕಕ್ಕೆ ಕೂಡಿಸಿ ತಲೆಬರಹ ಕೊಟ್ಟೆ. ಬೆಳಿಗ್ಗೆ ರಿಚ್ಮಂಡ್ ಟೌನ್ ಕಡೆಯ ಹಿರಿಯ ಓದುಗರೊಬ್ಬರು ಫೋನ್ ಮಾಡಿ, ಸತ್ತವರನ್ನು ಎರಡೆರಡು ಸಲ ಎಣಿಸಿದ್ದೀರಿ ಎಂದು ಬಹಳ ಮೆತ್ತಗೆ, ಒಂದೂ ಗಡಸು ಮಾತಾಡದೆ ಹೇಳಿದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಅಂದಿನಿಂದ ಮೇಜಿನ ಮೇಲೆ ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಘಟನೆಯ ದಿನಾಂಕ, ಜಾಗ, ಸಂಖ್ಯೆ, ಆ ಸಂಖ್ಯೆಯನ್ನು ಕೊಟ್ಟವರು ಯಾರು ಎಂದು ನಾಲ್ಕು ಕಲಮುಗಳಿವೆ. ಹೊಸ ಸಂಖ್ಯೆ ಬಂದಾಗ ಅದು ಹಳೆಯದರ ಪರಿಷ್ಕರಣೆಯೋ ಬೇರೆ ಘಟನೆಯದೋ ಎಂದು ತೀರ್ಮಾನವಾಗುವವರೆಗೆ ಪೆನ್ನು ಎತ್ತುವುದಿಲ್ಲ. ಕುರ್ರಮ್‌ನಲ್ಲಿ ಈ ಜಾಗ್ರತೆ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಮೊಬೈಲ್ ಇಂಟರ್ನೆಟ್ ಮೇಲಿಂದ ಮೇಲೆ ಸ್ಥಗಿತವಾಗುತ್ತದೆ, ಹೊರಗಿನ ವರದಿಗಾರರಿಗೆ ಒಳಗೆ ಹೋಗಲಾಗುವುದಿಲ್ಲ, ಜಿಲ್ಲಾಡಳಿತ ಒಂದು ಲೆಕ್ಕ ಕೊಟ್ಟರೆ ಊರಿನ ಹಿರಿಯರು ಇನ್ನೊಂದನ್ನು ಕೊಡುತ್ತಾರೆ. 2024ರ ಆ ಚಳಿಗಾಲದಲ್ಲಿ ರಸ್ತೆ ಮುಚ್ಚಿ ಔಷಧ ಸಿಗದೆ ಸತ್ತ ಮಕ್ಕಳ ಸಂಖ್ಯೆಯ ಬಗ್ಗೆ ಹೀಗೆಯೇ ಭಿನ್ನ ಹೇಳಿಕೆಗಳು ಬಂದವು. ಅಂತಹ ಕಡೆ ಎರಡನ್ನೂ, ಹೇಳಿದವರ ಸಮೇತ ಬರೆಯಿರಿ; ಸರಾಸರಿ ತೆಗೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ಎಷ್ಟೇ ಕರುಳು ಹಿಂಡಿದರೂ ಯಾವ ವರ್ಷದ್ದೆಂದು ತಿಳಿಯುವ ತನಕ ಬಳಸಬಾರದು. 2007ರಿಂದೀಚೆಗೆ ಈ ಕಣಿವೆಯಲ್ಲಿ ಸುಟ್ಟ ಪೇಟೆಗಳು ಒಂದೆರಡಲ್ಲ.

ಹಿನ್ನೆಲೆಯ ಪ್ಯಾರಾ

ಜಾಗ ಸಿಕ್ಕರೆ ನಾಲ್ಕು ಸಾಲಿನ ಹಿನ್ನೆಲೆ ಬೇಕು, ಅದರಲ್ಲಿ ಯಾವುದನ್ನು ಸೇರಿಸಬೇಕೆಂಬುದೇ ಕಷ್ಟ. ‘ಶತಮಾನಗಳ ಹಗೆತನ’ ಎಂಬ ಸಿದ್ಧ ಪದಗುಚ್ಛವನ್ನು ಬಿಟ್ಟುಬಿಡಿ. ಅದು ಬರೆಯುವವನ ಸೋಮಾರಿತನವನ್ನು ಮುಚ್ಚುತ್ತದೆಯೇ ಹೊರತು ಏನನ್ನೂ ವಿವರಿಸುವುದಿಲ್ಲ. 1878ರ ಡಿಸೆಂಬರ್‌ನಲ್ಲಿ ಬ್ರಿಟಿಷರು ಪೈವಾರ್ ಕಣಿವೆದಾರಿಯಲ್ಲಿ ಅಫ್ಗಾನ್ ಸೈನ್ಯವನ್ನು ಸೋಲಿಸಿದ್ದು, ಮರುವರ್ಷದ ಗಂಡಮಕ್ ಒಪ್ಪಂದ, ಬ್ರಿಟಿಷ್ ಭಾರತಕ್ಕೂ ಅಫ್ಗಾನಿಸ್ತಾನಕ್ಕೂ ನಡುವೆ ಎಳೆದ 1893ರ ಡ್ಯುರಾಂಡ್ ಗೆರೆ, ಇವು ಈ ತುಂಡು ಗಡಿಯ ಈಚೆಗೆ ಏಕೆ ಬಂತೆಂಬುದಕ್ಕೆ ಉತ್ತರ. ಆದರೆ ಇಂದಿನ ಹಿಂಸೆಯ ಸ್ವರೂಪಕ್ಕೆ 1980ರ ದಶಕವೇ ಹೆಚ್ಚು ಮುಖ್ಯವೆಂಬುದು ನನ್ನ ಎಣಿಕೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಗಾನಿಸ್ತಾನದೊಳಗೆ ಇಳಿಯಿತು. ಕಾಬೂಲಿಗೆ ಇಷ್ಟು ಹತ್ತಿರದ ಈ ಕೊಕ್ಕು ಆ ಸೇನೆಯ ವಿರುದ್ಧ ಹೋರಾಡಿದ ಮುಜಾಹಿದೀನ್‌ಗಳ ಹಾದಿಯಾಯಿತು, ಬಹುಪಾಲು ಸುನ್ನಿಗಳಾದ ನಿರಾಶ್ರಿತರು ಬಂದು ನೆಲೆಸಿದರು, ಬಂದೂಕುಗಳು ಅಗ್ಗವಾದವು. 1987ರಲ್ಲಿ ದೊಡ್ಡ ಕಾಳಗ ನಡೆಯಿತು. ಮರುವರ್ಷದ ಆಗಸ್ಟ್ 5ರಂದು, ಪೈವಾರ್‌ನಲ್ಲಿ ಹುಟ್ಟಿ ಪಾಕಿಸ್ತಾನದ ಶಿಯಾಗಳ ಪ್ರಮುಖ ನಾಯಕರಾಗಿ ಬೆಳೆದಿದ್ದ ಆರಿಫ್ ಹುಸೇನ್ ಅಲ್ ಹುಸೇನಿ ಅವರನ್ನು ಪೆಶಾವರದಲ್ಲಿ ಕೊಲ್ಲಲಾಯಿತು. ಆಮೇಲೆ ತಾಲಿಬಾನ್ ಬಂತು. ಸಿರಿಯಾ ಯುದ್ಧಕ್ಕೆ ಪಾಕಿಸ್ತಾನಿ ಶಿಯಾ ಯುವಕರನ್ನು ಸೇರಿಸಿಕೊಂಡ ಝೈನಬಿಯೂನ್ ಪಡೆಗೆ ಈ ಭಾಗದಿಂದಲೂ ಜನ ಹೋದರು. ಪಾಕಿಸ್ತಾನ ಸರ್ಕಾರ ಅದನ್ನು 2024ರಲ್ಲಿ ನಿಷೇಧಿಸಿತು.

ಆಡಳಿತದ ಹೆಸರುಗಳಲ್ಲಿಯೂ ಎಡವುವುದು ಸುಲಭ. 2018ರವರೆಗೆ ಇದು 1901ರ ಗಡಿ ಅಪರಾಧ ಕಾಯ್ದೆಯ ಅಡಿ, ಸರ್ಕಾರ ನೇಮಿಸಿದ ಪೊಲಿಟಿಕಲ್ ಏಜೆಂಟ್ ಎಂಬ ಅಧಿಕಾರಿಯ ಕೈಯಲ್ಲಿದ್ದ ‘ಕುರ್ರಮ್ ಏಜೆನ್ಸಿ’; ಆ ವರ್ಷದ ಸಂವಿಧಾನ ತಿದ್ದುಪಡಿಯ ನಂತರ ಖೈಬರ್ ಪಖ್ತುಂಖ್ವಾ ಪ್ರಾಂತ್ಯದ ಒಂದು ಜಿಲ್ಲೆ. 2023ರ ಜನಗಣತಿಯಂತೆ ಜನಸಂಖ್ಯೆ ಸುಮಾರು 7.85 ಲಕ್ಷ.

ಒಪ್ಪಂದಗಳ ಸುದ್ದಿ ಬಂದಾಗ ‘ಶಾಂತಿ ಮರಳಿತು’ ಎಂದು ತಲೆಬರಹ ಕೊಡುವ ಮೊದಲು ಹಿಂದಿನ ಕಡತ ತೆಗೆದು ನೋಡಿ. 2008ರಲ್ಲಿ ಎರಡೂ ಕಡೆಯವರ ನಡುವೆ ಮರ್ರಿ ಒಪ್ಪಂದವಾಯಿತು, 2011ರಲ್ಲಿ ಅದನ್ನೇ ಮತ್ತೆ ಒಪ್ಪಿಕೊಳ್ಳಬೇಕಾಯಿತು. 2025ರ ಜನವರಿ 1ರಂದು ಕೊಹಾಟ್‌ನಲ್ಲಿ ಜಿರ್ಗಾದ ಮುಂದೆ ಎರಡೂ ಕಡೆಯವರು 14 ಅಂಶಗಳ ಒಪ್ಪಂದಕ್ಕೆ ಸಹಿ ಹಾಕಿ, ಶಸ್ತ್ರಗಳನ್ನು ಒಪ್ಪಿಸಲು ಮತ್ತು ಬಂಕರುಗಳನ್ನು ಕೆಡವಲು ಒಪ್ಪಿದರು. 4ರಂದು ಬಗನ್ ಬಳಿ ಜಿಲ್ಲಾಧಿಕಾರಿಯ ಮೇಲೆಯೇ ಗುಂಡು ಹಾರಿತು, 16ರಂದು ಆಹಾರ ಸಾಮಗ್ರಿ ಸಾಗಿಸುತ್ತಿದ್ದ ಲಾರಿಗಳ ಮೇಲೆ ದಾಳಿಯಾಯಿತು. ‘ಒಪ್ಪಂದಕ್ಕೆ ಸಹಿ’ ಎಂದಷ್ಟೇ ಬರೆದರೆ ಅದು ಎಂದಿಗೂ ತಪ್ಪಾಗುವುದಿಲ್ಲ.

ಸಾವಿಲ್ಲದ ದಿನದ ಸುದ್ದಿ

ಯಾರೂ ಸಾಯದ ದಿನ ಕುರ್ರಮ್ ನಮ್ಮ ಪುಟಕ್ಕೆ ಬರುವುದಿಲ್ಲ. ನಿಜವಾದ ಕಥೆ ಇರುವುದು ಆ ದಿನಗಳಲ್ಲಿಯೇ. 2024ರ ಅಕ್ಟೋಬರ್‌ನಲ್ಲಿ ರಸ್ತೆ ಮುಚ್ಚಿದ ಬಳಿಕ, ನವೆಂಬರ್ ಮೊದಲ ವಾರದಲ್ಲಿ, ಸಾವಿರಾರು ಜನ ರಸ್ತೆ ತೆರೆಯಿರಿ ಎಂದು ಪಾರಾಚಿನಾರ್‌ನಿಂದ ಕಾಲ್ನಡಿಗೆಯಲ್ಲಿ ಹೊರಟರು. ಡಿಸೆಂಬರ್‌ನಲ್ಲಿ, ಹಿಮದ ಚಳಿಯಲ್ಲಿ, ಅಲ್ಲಿಯ ಪ್ರೆಸ್ ಕ್ಲಬ್ ಎದುರು ಧರಣಿ ಕುಳಿತರು. ಪಾಕಿಸ್ತಾನದ ಸೇವಾ ಸಂಸ್ಥೆ ಈಧಿ ಪ್ರತಿಷ್ಠಾನದ ಏರ್ ಆಂಬುಲೆನ್ಸ್ ಮತ್ತು ಸರ್ಕಾರದ ಹೆಲಿಕಾಪ್ಟರ್ ಔಷಧ ತಂದು ರೋಗಿಗಳನ್ನು ಒಯ್ದವು. ಇಂತಹ ಸುದ್ದಿ ಬಂದಾಗ ಅದನ್ನು ‘ಸಂಕ್ಷಿಪ್ತ’ಕ್ಕೆ ತಳ್ಳದೆ, ಕಾಪಿಯೊಳಗಿನ ಸಣ್ಣ ವಿವರಗಳನ್ನು ಹೆಕ್ಕಿರಿ: ಔಷಧದಂಗಡಿಯಲ್ಲಿ ಇನ್ಸುಲಿನ್ ಇದೆಯೇ, ಪೆಟ್ರೋಲ್ ಬಂಕ್ ತೆರೆದಿದೆಯೇ, ಪರೀಕ್ಷೆ ಬರೆಯಬೇಕಾದವರು ಪೆಶಾವರ ಮುಟ್ಟಿದರೇ, ಗಲ್ಫ್ ದೇಶಗಳಿಂದ ರಜೆಗೆ ಬಂದವರ ವೀಸಾ ಅವಧಿ ಏನಾಯಿತು. ಭಟ್ಕಳದ ಅಥವಾ ಉಡುಪಿಯ ಓದುಗನಿಗೆ ಈ ಕೊನೆಯ ಸಾಲು ಅರ್ಥವಾಗುವ ಹಾಗೆ ಬಂಕರಿನ ಸಾಲು ಅರ್ಥವಾಗುವುದಿಲ್ಲ. ಶಾಲೆಗಳ ಸುದ್ದಿಯನ್ನೂ ಬಿಡಬಾರದು. 2023ರ ಮೇ ತಿಂಗಳಲ್ಲಿ ತೇರಿ ಮಂಗಲ್‌ನ ಶಾಲೆಯೊಳಗೆ ನುಗ್ಗಿ, ಪರೀಕ್ಷೆಯ ಕೆಲಸದಲ್ಲಿದ್ದ ಶಿಕ್ಷಕರನ್ನೇ ಕೊಂದ ಘಟನೆ ನಡೆದಿದೆ.

ಬೆಂಗಳೂರಿನ ಕೋನ ಹುಡುಕಿ ಎಂದು ಮೇಲಿನವರು ಹೇಳುವುದುಂಟು. ರಿಚ್ಮಂಡ್ ಟೌನಿನಲ್ಲಿಯೂ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿಯೂ ಶಿಯಾ ಸಮುದಾಯ ತಲೆಮಾರುಗಳಿಂದ ಇದೆ. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್, ಇರಾನಿನ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್ ಅವರ ಮೊಮ್ಮಗ. ಈ ಜನರ ಬಳಿಗೆ ಮೈಕು ಹಿಡಿದು ಹೋಗಿ, ಕುರ್ರಮ್‌ನ ಜಗಳಕ್ಕೆ ಇಲ್ಲಿಯವರನ್ನು ಪಕ್ಷಗಾರರನ್ನಾಗಿ ಮಾಡುವ ಪ್ರಶ್ನೆ ಕೇಳಬೇಡಿ. ಪದವೊಂದರ ಅರ್ಥವೋ ಆಚರಣೆಯೊಂದರ ಕ್ರಮವೋ ತಿಳಿಯದಿದ್ದರೆ ಫೋನ್ ಮಾಡಿ ಕೇಳಿ, ಸಂತೋಷದಿಂದ ಹೇಳುತ್ತಾರೆ.

ಪುಟ ಬಿಡುವ ಮುನ್ನ ಪ್ರೂಫ್ ಹಾಳೆಯನ್ನು ತಿರುವಿ ನಕ್ಷೆಯನ್ನು ಇನ್ನೊಮ್ಮೆ ನೋಡಿ, ಸುದ್ದಿಯ ಊರನ್ನು ಬೆರಳಿಟ್ಟು ಗುರುತಿಸಿ. ಬೆರಳು ಥಲ್ ಮತ್ತು ಸದ್ದಾ ನಡುವೆ ಬಿದ್ದರೆ ಮೇಲಿನ ಕುರ್ರಮ್‌ನವರ ದಾರಿ ಮುಚ್ಚಿರುವ ಸಾಧ್ಯತೆ ಹೆಚ್ಚು; ಮರುದಿನದ ಪಾಳಿಯವರಿಗೆ ಅದನ್ನು ವಿಚಾರಿಸಲು ಚೀಟಿ ಬರೆದು ಹೋಗಿ. ಹಾಳೆಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಡ್ರಾಯರಿನಲ್ಲಿಡಿ.